ಡೆಡ್ ಸ್ಟಾಕ್ ಪುಸ್ತಕದಲ್ಲಿ ಬಿದ್ದ ಚಿತ್ರಗಳು: ಊರಿನ ಸರ್ಕಾರಿ ಕಲಾಕೃತಿಗಳ ಲೆಕ್ಕ ತೆಗೆಯೋದು ಹೇಗೆ

ಹಾವೇರಿ ಜಿಲ್ಲೆಯ ಒಂದು ಪುರಸಭೆ. ಹೆಸರು ಬೇಡ ಬಿಡಿ. ನಾನು ಡ್ರಾಯಿಂಗ್ ಮಾಸ್ತರ. ರಿಟೈರ್ ಆಗೋಕೆ ಎರಡು ವರ್ಷ ಇದ್ದಾಗ "ಸರ, ನಮ್ಮ ಆಫೀಸಿನಾಗ ಒಂದಿಷ್ಟು ಹಳೇ ಚಿತ್ರ ಅದಾವ, ಬಂದು ನೋಡಿ ಹೇಳ್ರಿ" ಅಂತ ಅಲ್ಲಿನವರೊಬ್ಬರು ಕರೆದರು. ಹೋದೆ. ಮೊದಲು ಕೇಳಿದ್ದು ರಿಜಿಸ್ಟರ್. ಡೆಡ್ ಸ್ಟಾಕ್ ಪುಸ್ತಕ ಬಂತು, ಅಂದರೆ ಕುರ್ಚಿ, ಟೇಬಲ್ ಥರದ ಆಫೀಸಿನ ಸಾಮಾನು ಬರೆದಿಡುವ ಪುಸ್ತಕ. ಒಂದು ಪುಟದಲ್ಲಿ ಹೀಗೆ ಬರೆದಿತ್ತು: ಕಟ್ಟಿಗೆ ಕುರ್ಚಿ 14, ಟೇಬಲ್ 6, ಗೋಡೆ ಗಡಿಯಾರ 1, ಫೋಟೋ ದೊಡ್ಡದು 5.

ಆ "ಫೋಟೋ ದೊಡ್ಡದು 5" ಅಂದರೆ ಐದು ತೈಲಚಿತ್ರ. ಮೂರು ಸಭಾಭವನದ ಗೋಡೆ ಮೇಲೆ ಸಿಕ್ಕವು. ನಾಲ್ಕನೆಯದು ಸ್ಟೋರ್ ರೂಮಿನಲ್ಲಿ, ಬ್ಲೀಚಿಂಗ್ ಪೌಡರ್ ಚೀಲಗಳಿಗೆ ಒರಗಿಕೊಂಡು, ಮುಖ ಗೋಡೆ ಕಡೆ ಮಾಡಿ ನಿಂತಿತ್ತು. ಐದನೆಯದು ಇವತ್ತಿಗೂ ಸಿಕ್ಕಿಲ್ಲ. ಕದ್ದವರು ಯಾರೂ ಇರಲಿಕ್ಕಿಲ್ಲ. ಯಾವುದೋ ವರ್ಷ ಮುರಿದ ಕುರ್ಚಿಗಳ ಜೊತೆ ಕಂಡಮ್ ಲಿಸ್ಟಿಗೆ ಸೇರಿ ಹರಾಜಾಗಿರಬೇಕು ಅಂತ ನನ್ನ ಲೆಕ್ಕ. ಪುಸ್ತಕದಲ್ಲಿ ಅದು ಬರೀ "ಫೋಟೋ", ಹಾಗಾಗಿ ಹೋದದ್ದೂ ಫೋಟೋ ಥರಾನೇ ಹೋಯಿತು.

ಆಮೇಲೆ ಗದಗ, ಹುಬ್ಬಳ್ಳಿ ಕಡೆಯ ಒಂದೆರಡು ಆಫೀಸಿನವರೂ ಕರೆದರು. ಸುಮ್ನೆ ನೋಡೋಕೆ ಹೋಗಿ ಎಲ್ಲ ಕಡೆ ಇದನ್ನೇ ಕಂಡೆ. ಕಲಾಕೃತಿ ಹಾಳಾಗೋಕೆ ಮಳೆ, ಗೆದ್ದಲು ಆಮೇಲೆ ಬರುತ್ತವೆ. ಮೊದಲು ಕಾಗದ ಹಾಳಾಗುತ್ತದೆ. ಅದಕ್ಕೇ ಪುರಸಭೆ, ಪಾಲಿಕೆ, ತಾಲೂಕು ಪಂಚಾಯಿತಿ ಅಥವಾ ಯಾವುದೇ ಸರ್ಕಾರಿ ಆಫೀಸಿನಲ್ಲಿ ಈ ಕೆಲಸ ನಿಮ್ಮ ತಲೆಗೆ ಬಂದರೆ ನನ್ನದು ಒಂದೇ ಮಾತು: ಬಣ್ಣ ಹೊಡೆಸೋಕೆ, ತೊಳೆಸೋಕೆ, ಹೊಸ ಫ್ರೇಮ್ ಹಾಕಿಸೋಕೆ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಲಿಸ್ಟ್ ಮಾಡಿ.

ಯಾರು ಮಾಡಬೇಕು

ಮೂರು ಮಂದಿ ಸಾಕು. ಆಫೀಸಿನ ಒಬ್ಬ ಗುಮಾಸ್ತ, ಒಬ್ಬ ಜೂನಿಯರ್ ಇಂಜಿನಿಯರ್, ಚಿತ್ರಕಲೆ ಗೊತ್ತಿರುವ ಒಬ್ಬರು. ನಮ್ಮ ಕಡೆ ಮೂರನೆಯವರಿಗೆ ಬರ ಇಲ್ಲ. ಟಿ.ಪಿ. ಅಕ್ಕಿಯವರು ಗದಗಿನಲ್ಲಿ, ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ಕಾಲದಿಂದ ಊರೂರಲ್ಲಿ ಅವರ ಶಿಷ್ಯರು, ಶಿಷ್ಯರ ಶಿಷ್ಯರು ಇದ್ದಾರೆ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನ್ನು ಕೇಳಿ, ಖುಷಿಯಿಂದ ಬರುತ್ತಾರೆ. ಚಹಾ ಕೊಡಿ ಅಷ್ಟೇ.

ನಾಲ್ಕನೆಯವರೊಬ್ಬರನ್ನು ಮರೆಯಬೇಡಿ. ರಿಟೈರ್ ಆದ ಸಿಪಾಯಿ. ಯಾವ ಚಿತ್ರ ಯಾವ ರೂಮಿನಿಂದ ಯಾವ ರೂಮಿಗೆ ಹೋಯಿತು, ಯಾವ ಸಾಹೇಬರ ಬಂಗಲೆಗೆ "ಎರಡು ದಿನದ ಮಟ್ಟಿಗೆ" ಹೋಗಿ ವಾಪಸ್ ಬರಲಿಲ್ಲ, ಇದೆಲ್ಲ ಯಾವ ಫೈಲಿನಲ್ಲೂ ಇರೋದಿಲ್ಲ, ಅವರ ತಲೆಯಲ್ಲಿ ಇರುತ್ತದೆ. ಸ್ಟೋರ್ ರೂಮಿನ ಆ ನಾಲ್ಕನೇ ಚಿತ್ರ ಸಿಕ್ಕಿದ್ದೇ ಹಾಗೆ. "ಬಾಗಲ ಹಿಂದ ನೋಡ್ರಿ ಸರ, ನಾನ ಇಟ್ಟಿದ್ದೆ" ಅಂದರು.

ಹಳೇ ಕಾಗದ ಎಲ್ಲಿ ಹುಡುಕಬೇಕು

ಇಲ್ಲಿ ನಮ್ಮ ಭಾಗದ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಗದಗ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಎಲ್ಲ ಧಾರವಾಡ ಜಿಲ್ಲೆ. ಹಾಗಾಗಿ ಹಾವೇರಿಯ ಯಾವುದೋ ಪ್ರತಿಮೆಯ ಮಂಜೂರಾತಿ ಪತ್ರ ಹಾವೇರಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ, ಧಾರವಾಡದ ರೆಕಾರ್ಡ್ ರೂಮಿನಲ್ಲಿ ಹುಡುಕಿಸಿ. ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದೇ ಪಾಲಿಕೆ ಆಗಿದ್ದು 1962ರಲ್ಲಿ. ಅದರ ಹಿಂದಿನ ಕಾಗದ ಎರಡು ಊರಿನ ಹೆಸರಲ್ಲಿ ಬೇರೆ ಬೇರೆ ಇರುತ್ತದೆ. 1956ರ ಹಿಂದೆ ನಾವು ಮುಂಬೈ ರಾಜ್ಯದಲ್ಲಿದ್ದವರು. ಆ ಕಾಲದ ಠರಾವು (ಸಭೆಯ ನಿರ್ಣಯ) ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಸಿಕ್ಕರೆ ಆಶ್ಚರ್ಯಪಡಬೇಡಿ, ಮರಾಠಿ ಓದುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

ಠರಾವು ಪುಸ್ತಕ, ದಾನಪತ್ರ, ಗುತ್ತಿಗೆದಾರರ ಬಿಲ್ಲು, ಉದ್ಘಾಟನೆಯ ಆಮಂತ್ರಣ ಪತ್ರಿಕೆ, ಹಳೇ ಪೇಪರ್ ಕಟಿಂಗ್, ಇಷ್ಟು ಹುಡುಕಿ. ಎರಡು ವಾರಕ್ಕಿಂತ ಜಾಸ್ತಿ ಇದರಲ್ಲೇ ಮುಳುಗಬೇಡಿ. ಕಾಗದ ಹುಡುಕುತ್ತಾ ಕೂತು ಚಿತ್ರ ನೋಡೋದೇ ಮರೆತ ಒಂದು ಕಮಿಟಿ ನನಗೆ ಗೊತ್ತು.

ನಂಬರ್ ಕೊಡೋದು

ಸುಲಭ, ಆದರೆ ಎಲ್ಲರೂ ಇಲ್ಲೇ ಎಡವುತ್ತಾರೆ. "ಸಭಾಭವನ/ಪೂರ್ವ ಗೋಡೆ/3" ಅಂತ ಜಾಗದ ಹೆಸರು ಸೇರಿಸಿ ನಂಬರ್ ಮಾಡುತ್ತಾರೆ. ಮುಂದಿನ ವರ್ಷ ಚಿತ್ರ ಅಧ್ಯಕ್ಷರ ಚೇಂಬರಿಗೆ ಹೋಗುತ್ತದೆ. ಆಗ ನಂಬರ್ರೇ ಸುಳ್ಳು ಹೇಳೋಕೆ ಶುರು ಮಾಡುತ್ತದೆ. ಬರೀ 1, 2, 3 ಅಂತ ಕೊಡಿ. ಜಾಗವನ್ನು ಪಕ್ಕದ ಕಾಲಮ್ಮಿನಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಒಂದು ವಸ್ತು ಹಾಳಾಗಿ ಹೋದರೂ ಅದರ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ. ಸತ್ತವರ ರೇಷನ್ ಕಾರ್ಡಿನ ಕಥೆ ಇಲ್ಲಿ ಬೇಡ ಅಲ್ವಾ.

ನಂಬರನ್ನು ಎಲ್ಲಿ ಬರೆಯಬೇಕು? ಕಾಗದದ ಚಿತ್ರವಾದರೆ ಹಿಂಬದಿ ಮೂಲೆಯಲ್ಲಿ ಮೆತ್ತನೆ ಪೆನ್ಸಿಲಿನಿಂದ. ಕ್ಯಾನ್ವಾಸ್ ಆದರೆ ಬಟ್ಟೆ ಮೇಲೆ ಬೇಡವೇ ಬೇಡ, ಹಿಂದಿನ ಕಟ್ಟಿಗೆ ಪಟ್ಟಿಯ ಮೇಲೆ. ಪ್ರತಿಮೆಗೆ ಮೈಮೇಲೆ ಬರೆಯಬೇಡಿ, ಪೀಠಕ್ಕೆ ಸಣ್ಣ ತಗಡಿನ ಬಿಲ್ಲೆ ಹಾಕಿಸಿ. ಮಾರ್ಕರ್ ಪೆನ್, ಸೆಲ್ಲೋ ಟೇಪ್, ಸ್ಟೇಪ್ಲರ್ ಈ ಮೂರನ್ನೂ ಆಫೀಸಿನಲ್ಲೇ ಬಿಟ್ಟು ಬನ್ನಿ.

ನೋಡೋದು ಹೇಗೆ

ಕೆಲಸದ ಜೀವಾಳ ಇದು. ಒಂದು ಟಾರ್ಚ್, ಅಳತೆ ಟೇಪ್, ಮೊಬೈಲ್, ನೋಟ್‌ಬುಕ್ ಸಾಕು.

ಮೊದಲು ಚಿತ್ರವನ್ನು ಇಬ್ಬರು ಸೇರಿ ಇಳಿಸಿ. ಚೌಕಟ್ಟಿನ ಎರಡೂ ಬದಿ ಹಿಡಿಯಬೇಕು, ಮೇಲಿನ ಪಟ್ಟಿ ಹಿಡಿದು ಎತ್ತಬಾರದು, ಹಳೇ ಕೀಲು ಬಿಚ್ಚಿಕೊಂಡು ಕೈಗೆ ಬರುತ್ತದೆ. ಟೇಬಲ್ ಮೇಲೆ ಬಿಳಿ ಚಾದರ ಹಾಸಿ. ಬಿಳಿಯದೇ ಯಾಕೆ ಅಂದರೆ ಉದುರಿದ ಬಣ್ಣದ ಚೂರು, ಗೆದ್ದಲ ಪುಡಿ ಕಣ್ಣಿಗೆ ಕಾಣುತ್ತದೆ. ಚೂರು ಬಿದ್ದರೆ ಕಸ ಅಂತ ಗುಡಿಸಬೇಡಿ. ಸಣ್ಣ ಕವರಿಗೆ ಹಾಕಿ ನಂಬರ್ ಬರೆದಿಡಿ, ಮುಂದೆ ರಿಪೇರಿ ಮಾಡುವವರಿಗೆ ಅದು ಬೇಕಾಗುತ್ತದೆ.

ಆಮೇಲೆ ಹಿಂಬದಿ ನೋಡಿ. ಮುಂಬದಿಗಿಂತ ಹಿಂಬದಿ ಜಾಸ್ತಿ ಮಾತಾಡುತ್ತದೆ. ಕಲಾವಿದರ ಹೆಸರು, ಊರು, ಇಸವಿ, ಫ್ರೇಮ್ ಅಂಗಡಿಯ ಚೀಟಿ, ದಾನ ಕೊಟ್ಟವರ ಹೆಸರು ಎಲ್ಲ ಅಲ್ಲೇ ಇರುತ್ತದೆ. ಸ್ಟೋರ್ ರೂಮಿನ ಚಿತ್ರದ ಹಿಂದೆ ಪಟ್ಟಿ ಮೇಲೆ ಪೆನ್ಸಿಲಿನಲ್ಲಿ "ಗದಗ 1961" ಅಂತ ಇತ್ತು, ಕೆಳಗೆ ಅರ್ಧ ಅಳಿಸಿದ ಸಹಿ. ಅರವತ್ತು ವರ್ಷ ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ.

ಈಗ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಟಾರ್ಚನ್ನು ಚಿತ್ರದ ಅಂಚಿಗೆ ಮಲಗಿಸಿ ಹಿಡಿಯಿರಿ. ಬೆಳಕು ಅಡ್ಡಡ್ಡ ಹೋಗಬೇಕು. ಎದುರಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಚಿತ್ರದ ಮೇಲೆ ಒಮ್ಮೆಗೇ ಗುಡ್ಡ, ಕಣಿವೆ ಏಳುತ್ತವೆ. ಬಣ್ಣ ಎಲ್ಲಿ ಎದ್ದಿದೆ, ಕ್ಯಾನ್ವಾಸ್ ಎಲ್ಲಿ ಜೋತಿದೆ, ಹಿಂದೆ ಯಾರು ಎಲ್ಲಿ ತೇಪೆ ಹಾಕಿದ್ದಾರೆ ಎಲ್ಲ ಬಯಲಾಗುತ್ತದೆ. ಸಭಾಭವನದ ಚಿತ್ರವೊಂದರಲ್ಲಿ ಹಣೆ ಮಧ್ಯೆ ಒಂದು ದಿಬ್ಬ ಕಂಡಿತು. ಹತ್ತಿರ ಹೋಗಿ ನೋಡಿದರೆ ಕುಂಕುಮ! ತೈಲಚಿತ್ರಕ್ಕೆ ಗಾಜು ಇರೋದಿಲ್ಲ. ಪ್ರತಿ ವರ್ಷ ಜಯಂತಿ ದಿನ ಒದ್ದೆ ಬೆರಳಿನಿಂದ ಹಚ್ಚಿದ ಬೊಟ್ಟು ಒಂದರ ಮೇಲೊಂದು ಕೂತು, ಕಾಳು ಮೆಣಸಿನಷ್ಟು ದಪ್ಪ ಆಗಿ, ಕೆಳಗಿನ ಬಣ್ಣವನ್ನು ಜೊತೆಗೇ ಕಿತ್ತುಕೊಂಡು ಬರುತ್ತಿತ್ತು. ಪೂಜೆ ನಿಲ್ಲಿಸಿ ಅಂತ ಹೇಳೋಕೆ ನಾನು ಯಾರು? ಮುಂದೆ ಒಂದು ಸಣ್ಣ ಸ್ಟೂಲಿಟ್ಟು, ಅದರ ಮೇಲೆ ಚಿತ್ರದ ಫೋಟೋ ಪ್ರತಿ ಇಟ್ಟು, ಹೂವು, ಕುಂಕುಮ, ಊದಿನಕಡ್ಡಿ ಎಲ್ಲ ಅದಕ್ಕೆ ಅಂತ ಮಾಡಿದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಫೋಟೋ ತೆಗೆಯುವಾಗ ಮುಂಬದಿ, ಹಿಂಬದಿ, ಸಹಿ, ಹಾಳಾದ ಜಾಗ ಹತ್ತಿರದಿಂದ. ಪಕ್ಕದಲ್ಲಿ ಸ್ಕೇಲ್ ಇಡಿ. ಫ್ಲ್ಯಾಶ್ ಬೇಡ, ವಾರ್ನಿಶ್ ಹೊಳೆದು ಏನೂ ಕಾಣೋದಿಲ್ಲ.

ಬರೆಯೋದು ಹೀಗೆ ಇದ್ದರೆ ಸಾಕು: "ನಂಬರ್ 4. ಗಂಡಸಿನ ಭಾವಚಿತ್ರ, ರುಮಾಲು, ಕರಿ ಕೋಟು. ಕ್ಯಾನ್ವಾಸ್ ಮೇಲೆ ತೈಲವರ್ಣ. 76 × 61 ಸೆಂ.ಮೀ. ಫ್ರೇಮ್ ಬಿಟ್ಟು. ಹಿಂದೆ ‘ಗದಗ 1961’, ಸಹಿ ಅರ್ಧ. ಕೆಳಗಿನ ಬಲ ಮೂಲೆಯಲ್ಲಿ ನೀರಿನ ಕಲೆ, ಅಂಗೈ ಅಗಲ. ಬಣ್ಣ ಎರಡು ಕಡೆ ಎದ್ದಿದೆ." ವಸ್ತುವಿನ ಗುರುತು ಬರೆಯೋಕೆ ಜಗತ್ತಿನ ಮ್ಯೂಸಿಯಮ್ಮುಗಳು, ಪೊಲೀಸರು 1997ರಿಂದ ಬಳಸುವ ಆಬ್ಜೆಕ್ಟ್ ಐಡಿ ಅನ್ನೋ ಪದ್ಧತಿಯಲ್ಲೂ ಹೆಚ್ಚುಕಡಿಮೆ ಇಷ್ಟೇ ಕೇಳುತ್ತಾರೆ. ಕಳುವಾದಾಗ ಪೊಲೀಸ್ ಸ್ಟೇಷನ್ನಿನಲ್ಲಿ "ಭವ್ಯವಾದ ಚಿತ್ರ" ಅಂದರೆ ಕಂಪ್ಲೇಂಟ್ ಬರೆದುಕೊಳ್ಳುವವರಿಗೆ ಏನು ಉಪಯೋಗ? ನೀರಿನ ಕಲೆ ಎಲ್ಲಿದೆ ಅಂದರೆ ಚಿತ್ರ ಸಿಗುತ್ತದೆ.

ಸರ್ಕಲ್ಲಿನ ಪ್ರತಿಮೆಗಳು

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನ ಕುದುರೆ, ಉಣಕಲ್ ಕೆರೆ ನಡುವಿನ ವಿವೇಕಾನಂದ, ಗದಗಿನ ಭೀಷ್ಮ ಕೆರೆಯ ನೂರು ಅಡಿ ದಾಟಿದ ಬಸವಣ್ಣ, ಇವು ಎಲ್ಲರಿಗೂ ಗೊತ್ತು, ಇವಕ್ಕೆ ಹೇಗೋ ಗಮನ ಸಿಗುತ್ತದೆ. ನನಗೆ ಚಿಂತೆ ಪಾರ್ಕಿನ ಮೂಲೆಯಲ್ಲಿ, ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಹೆಸರಿನ ಕಲ್ಲೂ ಕಿತ್ತು ಹೋಗಿ ನಿಂತಿರುವ ಸಣ್ಣ ಪ್ರತಿಮೆಗಳದು.

ಮೊದಲು ಅದು ಯಾವುದರಿಂದ ಮಾಡಿದ್ದು ಅಂತ ತಿಳಿಯಬೇಕು. ಕಣ್ಣಿಗೆ ಎಲ್ಲವೂ ಒಂದೇ, ಯಾಕಂದರೆ ನಮ್ಮಲ್ಲಿ ಎಲ್ಲದಕ್ಕೂ ಬಂಗಾರದ ಬಣ್ಣ ಇಲ್ಲವೇ ಬೆಳ್ಳಿ ಬಣ್ಣ. ಬೆರಳ ಗಣ್ಣಿನಿಂದ ಮೆಲ್ಲಗೆ ಬಡಿದು ನೋಡಿ. ಕಂಚಾದರೆ ಕೊಡ ಬಡಿದ ಹಾಗೆ ಠಣ್ ಅನ್ನುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಫೈಬರ್ ಆದರೆ ಪ್ಲಾಸ್ಟಿಕ್ ಬುಟ್ಟಿಯ ಸದ್ದು. ಸಿಮೆಂಟು ಮಂಕಾಗಿ ಸದ್ದು ಮಾಡುತ್ತದೆ. ಅದೇ ಸಿಮೆಂಟು ಒಂದು ಕಡೆ ಪೊಳ್ಳು ಸದ್ದು ಮಾಡಿದರೆ ಒಳಗೆ ಪದರ ಬಿಟ್ಟಿದೆ ಅಂತ ಅರ್ಥ.

ಸಿಮೆಂಟಿನ ಪ್ರತಿಮೆಗೆ ಶತ್ರು ಒಳಗೇ ಇರುತ್ತದೆ, ಕಬ್ಬಿಣದ ಸರಳು. ಕೂದಲೆಳೆ ಬಿರುಕಿನಿಂದ ನೀರು ಹೋಗುತ್ತದೆ, ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸಿಮೆಂಟನ್ನು ಒಳಗಿನಿಂದ ಸೀಳುತ್ತದೆ. ಚಾಚಿದ ಕೈ, ಹಿಡಿದ ಖಡ್ಗ, ಕುದುರೆಯ ಎತ್ತಿದ ಕಾಲು, ಇಲ್ಲೇ ಮೊದಲು. ಬಿರುಕಿನ ಪಕ್ಕ ಕಂದು ನೀರು ಇಳಿದ ಗೆರೆ ಕಂಡರೆ ತಡ ಮಾಡಬೇಡಿ, ಕೆಳಗೆ ಮಕ್ಕಳು ಆಡುವ ಜಾಗವಾದರೆ ಅವತ್ತೇ ಹಗ್ಗ ಕಟ್ಟಿಸಿ.

ಇನ್ನೊಂದು ನಮ್ಮ ನೆಲದ್ದೇ ತಕರಾರು. ಎರೆ ಭೂಮಿ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಗದಗ, ನವಲಗುಂದ ಕಡೆ ಮನೆ ಕಟ್ಟಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಂಥ ನೆಲದಲ್ಲಿ ಬುನಾದಿ ಆಳ ಇಲ್ಲದ ಪೀಠ ನಿಧಾನ ವಾಲುತ್ತದೆ. ಪೀಠದಲ್ಲಿ ಬಿರುಕು ಕಂಡರೆ ಮೊದಲು ಸಿಮೆಂಟು ತುಂಬಬೇಡಿ. ಬಿರುಕಿನ ಎರಡೂ ತುದಿಗೆ ಗೆರೆ ಎಳೆದು ತಾರೀಕು ಬರೆಯಿರಿ, ಅಗಲ ಅಳೆದಿಡಿ. ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ನೋಡಿ. ಬೆಳೆಯುತ್ತಿದ್ದರೆ ಅದು ಬುನಾದಿಯ ರೋಗ, ಇಂಜಿನಿಯರ್ ಕೆಲಸ. ಮೇಲೆ ಗಾರೆ ಮೆತ್ತಿದರೆ ಮುಂದಿನ ಬೇಸಿಗೆಗೆ ಅದೂ ಬಾಯಿ ಬಿಡುತ್ತದೆ.

ಕಂಚಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ಜಯಂತಿ ಹತ್ತಿರ ಬಂತು ಅಂದರೆ ಪೇಂಟ್ ಡಬ್ಬಿ ಹೊರಗೆ ಬರುತ್ತದೆ. ಒಳ್ಳೆ ಕಂಚಿನ ಮೇಲೆ ಎನಾಮಲ್ ಬಣ್ಣ! ವರ್ಷಕ್ಕೊಂದು ಕೋಟ್ ಬಿದ್ದು ಬಿದ್ದು ಕಣ್ಣಿನ ರೆಪ್ಪೆ, ಬೆರಳ ಉಗುರು, ಪೇಟದ ನೆರಿಗೆ ಎಲ್ಲ ಮುಚ್ಚಿ ಹೋಗಿ ಕೊನೆಗೆ ಮೇಣದ ಗೊಂಬೆ ಥರ ಆಗುತ್ತದೆ. ಕಂಚು ಕಂದಾಗೋದು, ಹಸಿರು ಛಾಯೆ ಬರೋದು ಕಾಯಿಲೆ ಅಲ್ಲ, ಆ ಪದರವೇ ಅದಕ್ಕೆ ರಕ್ಷಣೆ. ಹುಣಸೆಹಣ್ಣು, ಲಿಂಬೆಹುಳಿ, ಪಾಲಿಶ್ ಪೌಡರ್ ಹಾಕಿ ತಿಕ್ಕಿದರೆ ರಕ್ಷಣೆ ಹೋಯಿತು. ತಿಳಿಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಉದುರುತ್ತಿದ್ದರೆ ಮಾತ್ರ ಅದು ನಿಜವಾದ ರೋಗ, ತಜ್ಞರನ್ನು ಕರೆಯಬೇಕು. ಉಳಿದಂತೆ ಪಾರಿವಾಳದ ಹಿಕ್ಕೆಯನ್ನು ಶುದ್ಧ ನೀರು, ಮೆತ್ತನೆ ಬ್ರಶ್ಶಿನಿಂದ ತೊಳೆದರೆ ಸಾಕು. ಹಾಲಿನ ಅಭಿಷೇಕ ಆದರೆ ಅವತ್ತೇ ಸಂಜೆ ನೀರು ಹಾಕಿ ತೊಳೆಯಿರಿ.

ಪಾರ್ಕಿನಲ್ಲಿ ವೀರಗಲ್ಲು, ಮಾಸ್ತಿಗಲ್ಲು ಇದ್ದರೆ ಅದರ ದಾರಿಯೇ ಬೇರೆ. ನಮ್ಮ ಜಿಲ್ಲೆಗಳಲ್ಲಿ ಇವು ಎಲ್ಲಿ ಅಗೆದರೂ ಸಿಗುತ್ತವೆ. 100 ವರ್ಷ ದಾಟಿದ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ, ಹಸ್ತಪ್ರತಿಗೆ 75 ವರ್ಷ. ಸುಣ್ಣ ಬಳಿಯಬೇಡಿ, ಅಲಂಕಾರಕ್ಕೆ ಅಂತ ಜಾಗ ಬದಲಿಸಬೇಡಿ. ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ. ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯ ಕಚೇರಿ ಪಕ್ಕದಲ್ಲೇ ಇದೆ.

ಲೆಕ್ಕಪತ್ರದಲ್ಲಿ ಹೇಗೆ ತೋರಿಸೋದು

ಅಕೌಂಟ್ಸ್ ಸೆಕ್ಷನ್‌ನವರು ಮೊದಲು ಕೇಳೋದೇ "ಇದರ ಬೆಲೆ ಎಷ್ಟು ಬರೀಲಿ?" ಅಂತ. ಮಾರ್ಕೆಟ್ ರೇಟ್ ಹುಡುಕೋಕೆ ಹೋಗಬೇಡಿ. ರಾಷ್ಟ್ರೀಯ ಪೌರ ಲೆಕ್ಕಪತ್ರ ಕೈಪಿಡಿಯಲ್ಲಿ ಇದಕ್ಕೆ ದಾರಿ ಇದೆ: ಪ್ರತಿಮೆ, ಕಲಾಕೃತಿಗಳನ್ನು ಮೂಲ ಖರ್ಚಿನ ಬೆಲೆಗೆ ತೋರಿಸಬೇಕು, ಸವಕಳಿ ಕಳೆಯಬಾರದು. ಮೂಲ ಬೆಲೆ ಗೊತ್ತಿಲ್ಲ ಅಥವಾ ದಾನವಾಗಿ ಬಂದಿದೆ ಅಂದರೆ ₹1. ಈ ಸವಕಳಿ ಮಾತು ಸಣ್ಣದಲ್ಲ. ಕುರ್ಚಿ ಥರ ವರ್ಷ ವರ್ಷ ಬೆಲೆ ಇಳಿಸುತ್ತಾ ಹೋದರೆ ಒಂದು ದಿನ ಸೊನ್ನೆ ಆಗಿ ಕಂಡಮ್ ಲಿಸ್ಟಿಗೆ ತಾನಾಗೇ ಬರುತ್ತದೆ. ಹಾಗಾಗಿ ಡೆಡ್ ಸ್ಟಾಕಿನಿಂದ ತೆಗೆದು ಬೇರೆ ರಿಜಿಸ್ಟರ್ ಮಾಡಿಸಿ, ಸಭೆಯಲ್ಲಿ ಠರಾವು ಪಾಸು ಮಾಡಿಸಿ.

ಠರಾವಿನಲ್ಲಿ ಇನ್ನೊಂದು ಸಾಲು ಹಾಕಿಸಿ. ಮುಖ್ಯಾಧಿಕಾರಿ ವರ್ಗಾವಣೆ ಆದಾಗ ಚಾರ್ಜ್ ಲಿಸ್ಟಿನಲ್ಲಿ ಈ ರಿಜಿಸ್ಟರ್ ಸೇರಬೇಕು, ಹೊಸಬರು ಒಂದೊಂದೇ ನೋಡಿ ಸಹಿ ಹಾಕಬೇಕು. ನಾನು ಕಂಡ ಮಟ್ಟಿಗೆ ಯಾವ ಕ್ಯಾಮೆರಾಕ್ಕಿಂತಲೂ ಈ ಸಹಿ ಗಟ್ಟಿ ಕಾವಲು. ಬಂಗಲೆಗೆ ಹೋದ ಚಿತ್ರ ಎರಡು ವಾರದಲ್ಲಿ ವಾಪಸ್ ಬರುತ್ತದೆ, ನೋಡಿ ಬೇಕಾದರೆ.

ನೀವು ಆಫೀಸಿನವರಲ್ಲ, ಸುಮ್ನೆ ಊರಿನವರು ಅಂದರೂ ದಾರಿ ಇದೆ. ಮಾಹಿತಿ ಹಕ್ಕಿನಲ್ಲಿ ₹10 ಕಟ್ಟಿ "ಕಲಾಕೃತಿ ಮತ್ತು ಪ್ರತಿಮೆಗಳ ಆಸ್ತಿ ರಿಜಿಸ್ಟರ್ ನಕಲು ಕೊಡಿ" ಅಂತ ಕೇಳಿ. ಇಲ್ಲ ಅಂತ ಉತ್ತರ ಬಂದರೆ, ಆ ಉತ್ತರವನ್ನೇ ನಿಮ್ಮ ವಾರ್ಡ್ ಮೆಂಬರಿಗೆ ತೋರಿಸಿ.

ಯಾವುದಕ್ಕೆ ಮೊದಲು ದುಡ್ಡು

ಲಿಸ್ಟ್ ಆದಮೇಲೆ ಎಲ್ಲವೂ ತುರ್ತು ಅನ್ನಿಸುತ್ತದೆ. ಮಂದಿ ತಲೆ ಮೇಲೆ ಬೀಳುವಂಥದ್ದು ಮೊದಲು. ಈ ಮಳೆಗಾಲ ದಾಟದೇ ಇರುವಂಥದ್ದು ಆಮೇಲೆ. ಬರೀ ಕೊಳಕಾಗಿರೋದು ಕೊನೆಗೆ, ಕೊಳಕು ಹತ್ತು ವರ್ಷ ಕಾಯುತ್ತದೆ. ಬಹಳಷ್ಟಕ್ಕೆ ದುಡ್ಡೇ ಬೇಡ. ಚಿತ್ರವನ್ನು ಪಡುವಣ ಕಿಟಕಿ ಎದುರಿನಿಂದ ತೆಗೆದು ಒಳಗೋಡೆಗೆ ಹಾಕಿ. ಧಾರವಾಡದ ಮಳೆಗೆ ಹೊರಗೋಡೆ ಬೆವರುತ್ತದೆ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬೆಂಡು ಅಂಟಿಸಿದರೆ ಗಾಳಿ ಆಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸೋದು, ಹೊಳಪಿಗೆ ಕೊಬ್ಬರಿ ಎಣ್ಣೆ ಸವರೋದು ನಿಲ್ಲಿಸಿ, ಅಷ್ಟೇ.

ಬಣ್ಣ ಏಳುತ್ತಿರುವ ಚಿತ್ರವನ್ನು ಮಾತ್ರ ಊರಿನ ಪೇಂಟರಿಗೆ ಕೊಡಬೇಡಿ, ನನ್ನಂಥ ಡ್ರಾಯಿಂಗ್ ಮಾಸ್ತರನಿಗೂ ಕೊಡಬೇಡಿ. ಚಿತ್ರ ಬರೆಯೋದೇ ಬೇರೆ, ಉಳಿಸೋದೇ ಬೇರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇನ್‌ಟಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯ ಇದೆ. ಫೋಟೋ ಕಳಿಸಿ ಕೇಳಿ.

ತೆಗೆಯೋದು, ಹೊಸದು ತಗೊಳ್ಳೋದು

ರಸ್ತೆ ಅಗಲ ಮಾಡುವಾಗ ಗೋಡೆ ಚಿತ್ರ, ಶಿಲ್ಪ ತೆಗೆಯಬೇಕಾಗಿ ಬರುತ್ತದೆ. "ನಮ್ಮದೇ ಆಸ್ತಿ, ಒಡೆದರೆ ಯಾರು ಕೇಳ್ತಾರೆ" ಅನ್ನಬೇಡಿ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅವರಿಗೆ ಹೇಳದೆ ಕಿತ್ತು ಗೋದಾಮಿಗೆ ಹಾಕಿದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗವನ್ನು ಅವರಿಗೇ ವಾಪಸ್ ಕೊಡಿ, ₹5 ಲಕ್ಷ ಪರಿಹಾರವನ್ನೂ ಕೊಡಿ ಅಂದಿತು. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಅದು. ಕೃತಿ ಮಾರಿದ ಮೇಲೂ ಅದನ್ನು ವಿರೂಪ ಮಾಡಿದರೆ ಕೇಳುವ ಹಕ್ಕು ಕಲಾವಿದರಿಗೆ ಉಳಿಯುತ್ತದೆ. ಅದಕ್ಕೇ ತೆಗೆಯುವ ಮುಂಚೆ ಕಲಾವಿದರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ ಒಂದು ಪತ್ರ, ಪೂರ್ತಿ ಫೋಟೋ ದಾಖಲೆ. ಫ್ಲೈಓವರ್ ಕಂಬ, ಕಾಂಪೌಂಡ್ ಗೋಡೆ ಮೇಲಿನ ಬಣ್ಣದ ಚಿತ್ರಗಳು ಹೇಗೂ ಕೆಲವೇ ವರ್ಷ ಬಾಳೋದು, ಬರೆಸುವಾಗಲೇ ಕರಾರಿನಲ್ಲಿ ಎಷ್ಟು ವರ್ಷ ಅಂತ ಹಾಕಿಬಿಡಿ.

ದಾನದ ಪ್ರತಿಮೆಗಳ ಬಗ್ಗೆ ಎಚ್ಚರ. ಕೊಡುವವರು ಉದ್ಘಾಟನೆ ದಿನ ಇರುತ್ತಾರೆ, ಹತ್ತು ವರ್ಷದ ಮೇಲೆ ಬಿರುಕು ಬಿಟ್ಟಾಗ ಇರೋದಿಲ್ಲ. ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು, ನೋಡಿಕೊಳ್ಳುವ ಖರ್ಚು ಯಾರದು, ಇದು ಬರಹದಲ್ಲಿ ಬರೋವರೆಗೆ ಹ್ಞೂಂ ಅನ್ನಬೇಡಿ. ರಸ್ತೆ, ಫುಟ್‌ಪಾತಿನಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬೇಡಿ ಅಂತ ಸುಪ್ರೀಂ ಕೋರ್ಟು 2013ರ ಜನವರಿಯಲ್ಲೇ ಹೇಳಿದೆ. ಒತ್ತಡ ಬಂದಾಗ ಆ ಆದೇಶದ ಪ್ರತಿ ಟೇಬಲ್ ಮೇಲೆ ಇದ್ದರೆ ಅನುಕೂಲ.

ವರ್ಷಕ್ಕೆ ಎರಡು ಸಲ ರಿಜಿಸ್ಟರ್ ಹಿಡಿದು ಸುತ್ತಿ. ಮಾರ್ಚ್ ಬೇಡ, ಆಗ ಬಿಲ್ಲು ಪಾಸು ಮಾಡೋದರಲ್ಲಿ ಯಾರಿಗೂ ತಲೆ ಎತ್ತೋಕೆ ಆಗೋದಿಲ್ಲ. ದಸರಾ ಮುಗಿದು ಮಳೆ ನಿಂತ ಮೇಲೆ ಒಮ್ಮೆ, ಬೇಸಿಗೆ ಕೊನೆಗೆ ಮಳೆ ಬರೋ ಮುಂಚೆ ಒಮ್ಮೆ. ಪ್ರತಿಮೆಗಳನ್ನು ಬೆಳಿಗ್ಗೆ ಏಳು ಗಂಟೆಗೆ ನೋಡಿ, ಬಿಸಿಲು ಓರೆಯಾಗಿ ಬೀಳುತ್ತದೆ, ಟಾರ್ಚಿನ ಕೆಲಸ ಸೂರ್ಯನೇ ಮಾಡುತ್ತಾನೆ. ರಿಟೈರ್ ಆದ ಆ ಸಿಪಾಯಿಯನ್ನೂ ಕರೆದುಕೊಂಡು ಹೋಗಿ. ನಾವು ಐದನೇ ಚಿತ್ರದ ಆಸೆ ಬಿಟ್ಟಿದ್ದೇವೆ, ಅವರು ಬಿಟ್ಟಿಲ್ಲ. ಹೋದ ಸಲ ತಹಶೀಲ್ದಾರ್ ಆಫೀಸಿನ ಅಟ್ಟ ಹತ್ತಿ ನೋಡಿ ಬಂದರು.